ಅರ್ಧ ಗಂಟೆಯ ನೀರು

(ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ಒಂದು ಶಾಲೆಯಲ್ಲಿ ಶನಿವಾರ ಸಂಜೆ ಹೆತ್ತವರು ಮತ್ತು ಶಿಕ್ಷಕರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಗಲ್ಫಿನಲ್ಲಿ ಪಾಠ ಮಾಡಿದ ಅನುಭವ ಹೇಳಿ ಎಂದು ಇಲ್ಲಿನ ಹೆಡ್‌ಮಾಷ್ಟ್ರು ಕೇಳಿದ್ದರು. ಹನ್ನೊಂದು ವರ್ಷ ಮಸ್ಕತ್ತಿನ ಒಂದು ಇಂಡಿಯನ್ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿದೆ. ಅಷ್ಟನ್ನೂ ಒಂದು ಸಂಜೆಯಲ್ಲಿ ಹೇಳಲಿಕ್ಕೆ ಆಗುವುದಿಲ್ಲ. ಹಾಗಾಗಿ ಒಂದೇ ಒಂದು ದಿನದ ವಿಷಯ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನ ಇಪ್ಪತ್ತೆರಡು ಮಕ್ಕಳನ್ನು ಕರೆದುಕೊಂಡು ನಿಜ್ವಾ ಎಂಬ ಊರಿಗೆ ಹೋದ ದಿನ. ಆ ದಿನ ನಾನು ಮಕ್ಕಳಿಗೆ ಕಲಿಸಿದ್ದು ಕಡಿಮೆ. ನನಗೇ ನಮ್ಮ ಮನೆಯ ಹಿತ್ತಲು ಕಂಡದ್ದು ಜಾಸ್ತಿ.

ಮೊದಲು ನಿಮ್ಮಲ್ಲಿ ಒಂದು ಪ್ರಶ್ನೆ. ಇಲ್ಲಿ ಕೂತವರಲ್ಲಿ ಎಷ್ಟು ಜನರ ಮನೆಯಲ್ಲಿ ಸುರಂಗ, ಅಂದರೆ ಗುಡ್ಡ ಕೊರೆದು ನೀರು ತರುವ ಓಣಿ, ಇದೆ? ಕೈ ಎತ್ತಿ ನೋಡುವ. ಹದಿನೇಳು. ಅದರಲ್ಲಿ ಈಗಲೂ ನೀರು ಬರುವುದು? ಒಂಬತ್ತು. ಈ ಎರಡು ಲೆಕ್ಕ ನೆನಪಿಟ್ಟುಕೊಳ್ಳಿ. ಮತ್ತೆ ಅಲ್ಲಿಗೇ ಬರುತ್ತೇನೆ.

ಓಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. 2013ಕ್ಕೆ ಮೊದಲು ಗುರುವಾರ, ಶುಕ್ರವಾರ ಇತ್ತು. ಅಲ್ಲಿ ಬೆಳೆಯುವ ನಮ್ಮವರ ಮಕ್ಕಳ ಜೀವನ ಹೇಗೆ ಅಂದರೆ, ಫ್ಲ್ಯಾಟು, ಶಾಲೆಯ ಬಸ್ಸು, ಮತ್ತೆ ಫ್ಲ್ಯಾಟು. ರಜೆ ಬಂದರೆ ಮಾಲ್. ನಳ್ಳಿ ತಿರುಗಿಸಿದರೆ ನೀರು ಬರುತ್ತದೆ. ಮಸ್ಕತ್ತಿನ ನೀರಿನಲ್ಲಿ ಹೆಚ್ಚಿನದು ಸಮುದ್ರದ ಉಪ್ಪು ತೆಗೆದು ಮಾಡಿದ್ದು. ಅದು ಪಾಠದಲ್ಲಿ ಇತ್ತು, ಮಕ್ಕಳು ಬಾಯಿಪಾಠ ಮಾಡಿ ಮಾರ್ಕೂ ತೆಗೆದುಕೊಂಡಿದ್ದರು. ಆದರೆ ಆ ದೇಶದಲ್ಲೇ ಹುಟ್ಟಿ ಹದಿನಾಲ್ಕು ವರ್ಷವಾದ ಹುಡುಗ ಒಂದು ಖರ್ಜೂರದ ತೋಟದೊಳಗೆ ಕಾಲಿಟ್ಟಿರಲಿಲ್ಲ. ನನಗೆ ಅದು ಸಹಿಸಲಿಕ್ಕಾಗಲಿಲ್ಲ. ಹೆತ್ತವರ ಒಪ್ಪಿಗೆ ತೆಗೆದುಕೊಂಡು, ನಾನೂ ಇನ್ನೊಬ್ಬರು ಟೀಚರೂ ಸೇರಿ, ಏಪ್ರಿಲ್ ಮೊದಲ ವಾರ ಹೊರಟೆವು.

ಬೆಳಿಗ್ಗೆ ಐದಕ್ಕೆ ಹೊರಟರೆ ಏಳಕ್ಕೆ ನಿಜ್ವಾ. ಸುಮಾರು 160 ಕಿಲೋಮೀಟರ್. ದಾರಿಯ ಎರಡೂ ಬದಿ ಬೋಳು ಗುಡ್ಡ. ಬೋಳು ಅಂದರೆ ಒಂದು ಕುಂಟಾಲದ ಪೊದೆಯೂ ಇಲ್ಲ. ಬರೀ ಕಲ್ಲು. ನಮ್ಮ ಊರಿನಿಂದ ಹೋದವರಿಗೆ ಮೊದಲ ಸಲ ಆ ಗುಡ್ಡ ನೋಡಿದಾಗ ಎದೆ ಒಣಗಿದ ಹಾಗೆ ಆಗುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅಲ್ಲಿ 100 ಮಿಲಿಮೀಟರ್ ಆಸುಪಾಸು. ಆಟಿ ತಿಂಗಳ ಮಳೆಗಾಲದಲ್ಲಿ ನಮ್ಮಲ್ಲಿ ಒಂದೇ ದಿನ ಅಷ್ಟು ಮಳೆ ಬರುವುದುಂಟು.

ನಿಜ್ವಾದಲ್ಲಿ ಶುಕ್ರವಾರ ಬೆಳಿಗ್ಗೆ ಆಡಿನ ಸಂತೆ. ಕೊಳ್ಳುವವರು ಸುತ್ತ ಕೂತಿರುತ್ತಾರೆ, ಮಾರುವವರು ಆಡನ್ನು ಹಗ್ಗ ಹಿಡಿದು ನಡುವೆ ಸುತ್ತು ಬರಿಸುತ್ತಾ ಬೆಲೆ ಕೂಗುತ್ತಾರೆ. ಮಕ್ಕಳಿಗೆ ಅದು ತುಂಬಾ ಇಷ್ಟವಾಯಿತು. ಅಲ್ಲಿಂದ ಕೋಟೆ. ನಿಜ್ವಾ ಹಿಂದೆ ಓಮಾನಿನ ರಾಜಧಾನಿಯಾಗಿತ್ತು. ಅಲ್ಲಿನ ದೊಡ್ಡ ದುಂಡು ಬುರುಜನ್ನು 17ನೇ ಶತಮಾನದಲ್ಲಿ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು, ಕಟ್ಟಲಿಕ್ಕೆ ಹನ್ನೆರಡು ವರ್ಷ ಹಿಡಿಯಿತಂತೆ. ಬೇಕಲ ಕೋಟೆ ನೋಡಿದವರಿಗೆ ಕೋಟೆ ಹೊಸದಲ್ಲ. ಆದರೆ ಅಲ್ಲಿ ಒಂದು ಕೋಣೆ ಇದೆ, ಖರ್ಜೂರ ಇಡುವ ಕೋಣೆ. ನೆಲದಲ್ಲಿ ಉದ್ದಕ್ಕೆ ಸಣ್ಣ ಸಣ್ಣ ಚರಂಡಿಯ ಹಾಗೆ ಗೀರು. ಖರ್ಜೂರದ ಮೂಟೆಯನ್ನು ಒಂದರ ಮೇಲೆ ಒಂದು ಪೇರಿಸುತ್ತಿದ್ದರು. ಭಾರಕ್ಕೆ ರಸ ಇಳಿದು ಆ ಗೀರಿನಲ್ಲಿ ಹರಿದು ಒಂದು ಕಡೆ ಸೇರುತ್ತಿತ್ತು. ಅದು ಅಡುಗೆಗೂ ಆಯಿತು, ವೈರಿ ಬಂದರೆ ಕುದಿಸಿ ಬಾಗಿಲ ಮೇಲಿನ ತೂತಿನಿಂದ ತಲೆಗೆ ಸುರಿಯಲಿಕ್ಕೂ ಆಯಿತು. ಹುಡುಗರು ಆ ತೂತಿನ ಕೆಳಗೆ ಒಬ್ಬೊಬ್ಬರಾಗಿ ನಿಂತು ಫೋಟೋ ತೆಗೆಸಿಕೊಂಡರು.

ನಮ್ಮ ನಿಜವಾದ ಯೋಜನೆ ಮಧ್ಯಾಹ್ನಕ್ಕೆ ಇತ್ತು. ನಿಜ್ವಾದ ಹತ್ತಿರ ಜಬಲ್ ಅಖ್ದರ್ ಎಂಬ ಎತ್ತರದ ಬೆಟ್ಟ. ಹೆಸರಿನ ಅರ್ಥ ಹಸಿರು ಬೆಟ್ಟ. ಮಾರ್ಚ್, ಏಪ್ರಿಲಿನಲ್ಲಿ ಅಲ್ಲಿ ಗುಲಾಬಿ ಅರಳುತ್ತದೆ, ಮನೆಮನೆಯಲ್ಲಿ ಪನ್ನೀರು ಇಳಿಸುತ್ತಾರೆ. ಅದನ್ನು ತೋರಿಸುತ್ತೇನೆ ಎಂದೇ ಮಕ್ಕಳನ್ನು ಹೊರಡಿಸಿದ್ದೆ. ಆ ಬೆಟ್ಟದ ದಾರಿ ಬಹಳ ಕಡಿದು. ನಾಲ್ಕೂ ಚಕ್ರಕ್ಕೆ ಶಕ್ತಿ ಇರುವ ಗಾಡಿಯನ್ನು ಮಾತ್ರ ಪೊಲೀಸರು ಮೇಲೆ ಬಿಡುತ್ತಾರೆ. ಅಂಥ ಗಾಡಿ ಕೊಡುತ್ತೇವೆ ಎಂದು ಒಪ್ಪಿ ಮುಂಗಡ ತೆಗೆದುಕೊಂಡವರು ಕಳಿಸಿದ್ದು ಮಾತ್ರ ಸಾಮಾನ್ಯ ಬಾಡಿಗೆ ವ್ಯಾನು, ಎರಡು. ಬೆಟ್ಟದ ಬುಡದ ಚೆಕ್‌ಪೋಸ್ಟಿನಲ್ಲಿ ಪೊಲೀಸ್ ಒಳಗೆ ಬಗ್ಗಿ ನೋಡಿ, ತಿರುಗಿಸಿ ಅಂದರು. ಫೋನ್ ಮಾಡಿದರೆ ಆ ಕಡೆಯಿಂದ ಉತ್ತರ ಇಲ್ಲ. ಹಿಂದಿನ ಸೀಟಿನಲ್ಲಿ ಒಂದು ಹುಡುಗಿ ಅಳಲಿಕ್ಕೆ ಶುರು ಮಾಡಿದಳು. ನನಗೂ ಕಣ್ಣು ತುಂಬಿತು, ಸುಳ್ಳು ಹೇಳುವುದಿಲ್ಲ.

ಚೆಕ್‌ಪೋಸ್ಟಿನ ಕೆಳಗಿನ ಊರಿನ ಹೆಸರು ಬಿರ್ಕತ್ ಅಲ್ ಮೌಜ್. ಅರ್ಥ ಕೇಳಿದರೆ ನಿಮಗೆ ಖುಷಿಯಾದೀತು, ಬಾಳೆಯ ಕೊಳ! ದೂರದಿಂದ ನೋಡಿದರೆ ಕಂದು ಬಣ್ಣದ ಮಣ್ಣಿನ ಮನೆಗಳು ಗುಡ್ಡಕ್ಕೆ ಅಂಟಿಕೊಂಡಿವೆ, ಪಾಳು ಬಿದ್ದಿವೆ. ಅದರ ಬುಡದಲ್ಲಿ ಹಸಿರೋ ಹಸಿರು. ಮೇಲೆ ಖರ್ಜೂರದ ಮರ, ಅದರ ನೆರಳಲ್ಲಿ ಲಿಂಬೆ, ಬಾಳೆ, ಅದರ ಬುಡದಲ್ಲಿ ಆಡಿಗೆ ಹಾಕುವ ಸೊಪ್ಪು. ನಮ್ಮಲ್ಲಿ ಅಡಿಕೆ ಮರ, ಅದಕ್ಕೆ ಕಾಳುಮೆಣಸಿನ ಬಳ್ಳಿ, ನಡುವೆ ಬಾಳೆ, ಕೊಕ್ಕೋ. ಅದೇ ಅಲ್ವಾ? ಮರ ಬೇರೆ, ತೋಟ ಒಂದೇ. ಇಲ್ಲೇ ಇಳಿಯಿರಿ ಮಕ್ಕಳೇ ಎಂದೆ.

ಇಳಿದದ್ದೇ ತಡ, ನೀರಿನ ಸದ್ದು. ಒಂದು ಕಲ್ಲಿನ ಕಾಲುವೆ, ಹೆಚ್ಚೆಂದರೆ ನಮ್ಮ ಮೊಣಕಾಲಿನಷ್ಟು ಆಳ. ಒಳಗೆ ತಿಳಿ ನೀರು ಓಡುತ್ತಿದೆ. ಸಣ್ಣ ಸಣ್ಣ ಮೀನು. ಕಾಲು ಇಳಿಬಿಟ್ಟರೆ ಬಂದು ಚರ್ಮ ಕಚ್ಚುತ್ತವೆ. ಗುಲಾಬಿ, ಪನ್ನೀರು ಎಲ್ಲ ಒಂದೇ ಕ್ಷಣದಲ್ಲಿ ಮರೆತುಹೋಯಿತು. ಇಪ್ಪತ್ತೆರಡು ಜೋಡಿ ಕಾಲು ನೀರಿನಲ್ಲಿ.

ಆಗ ಒಬ್ಬ ಹುಡುಗ ಚಿಪ್ಸ್ ತಿಂದ ಎಣ್ಣೆ ಕೈಯನ್ನು ತೊಳೆಯಲಿಕ್ಕೆ ಕಾಲುವೆಯ ಮೇಲ್ಭಾಗಕ್ಕೆ ಹೋದ. ಅವನ ಮನೆಯವರು ನಮ್ಮ ಉಪ್ಪಳದವರು. ನೆಲದಡಿಯಿಂದ ನೀರು ಮೊದಲು ಹೊರಗೆ ಬರುವ ಜಾಗ ಅದು. ಕೈ ಅದ್ದಬೇಕು ಅನ್ನುವಷ್ಟರಲ್ಲಿ ಒಬ್ಬರು ಅಜ್ಜ ಬಂದರು. ಬಿಳಿ ಉದ್ದ ಅಂಗಿ, ತಲೆಗೆ ಕಸೂತಿ ಟೊಪ್ಪಿ, ಕೈಯಲ್ಲಿ ಕೋಲು. ಬೈಯಲಿಲ್ಲ. ಹುಡುಗನ ಮಣಿಕಟ್ಟು ಮೆಲ್ಲಗೆ ಹಿಡಿದರು, ಅವನನ್ನು ಕಾಲುವೆಯ ಉದ್ದಕ್ಕೆ ಕೆಳಗೆ ನಡೆಸಿಕೊಂಡು ಹೋದರು. ಸುಮಾರು ಐವತ್ತು ಹೆಜ್ಜೆ. ಅಲ್ಲಿ ನಿಲ್ಲಿಸಿ, ಇಲ್ಲಿ ತೊಳೆ ಎಂದು ಸನ್ನೆ ಮಾಡಿದರು.

ಅವರಿಗೆ ಒಡಕು ಹಿಂದಿ ಬರುತ್ತಿತ್ತು. ಮಕ್ಕಳು ಚಾಚಾ ಎಂದು ಕರೆದರು. ಆಮೇಲೆ ಒಂದೂವರೆ ಗಂಟೆ ಅವರು ನಮ್ಮನ್ನು ಬಿಡಲಿಲ್ಲ. ನಾವೂ ಅವರನ್ನು ಬಿಡಲಿಲ್ಲ.

ಅವರು ತೋರಿಸಿದ್ದನ್ನು ನಾನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಕಾಲುವೆಗೆ ಫಲಜ್ ಎಂದು ಹೆಸರು. ಅರಬ್ಬಿಯಲ್ಲಿ ಆ ಶಬ್ದದ ಮೂಲದಲ್ಲೇ ಪಾಲು ಮಾಡುವುದು ಎಂಬ ಅರ್ಥ ಇದೆ. ನೋಡಿ, ಹರಿಯುವುದು, ಅಗೆಯುವುದು ಅಂತ ಅಲ್ಲ, ಪಾಲು ಮಾಡುವುದು. ಗುಡ್ಡದ ಬುಡದಲ್ಲಿ ಒಂದು ಆಳದ ಬಾವಿ ತೋಡುತ್ತಾರೆ. ಅದಕ್ಕೆ ಫಲಜಿನ ತಾಯಿ ಎಂದೇ ಕರೆಯುತ್ತಾರೆ. ಅಲ್ಲಿ ನೀರು ಸಿಕ್ಕಿದರೆ, ಅಲ್ಲಿಂದ ಊರಿನವರೆಗೆ ನೆಲದಡಿಯಲ್ಲಿ ಸುರಂಗ. ಇಳಿಜಾರು ಎಷ್ಟು ಬೇಕೋ ಅಷ್ಟೇ. ಜಾಸ್ತಿಯಾದರೆ ನೀರು ಮಣ್ಣು ಕೊರೆಯುತ್ತದೆ, ಕಡಿಮೆಯಾದರೆ ನಿಂತು ಹೂಳು ತುಂಬುತ್ತದೆ. ನಡುನಡುವೆ ಮೇಲಿನಿಂದ ತೂತು ತೋಡಿರುತ್ತಾರೆ. ಗಾಳಿಗೆ ಅದೇ, ಮಣ್ಣು ಎತ್ತಲಿಕ್ಕೂ ಅದೇ. ಪಂಪು ಇಲ್ಲ, ಕರೆಂಟು ಇಲ್ಲ. ಊರಿನ ಹತ್ತಿರ ಬಂದಾಗ ನೀರು ತಾನಾಗಿ ಮೇಲೆ ಕಾಣುತ್ತದೆ. ಎಲ್ಲ ಫಲಜೂ ಹೀಗಲ್ಲ. ಕೆಲವು ಊಟೆಯಿಂದ ಬರುತ್ತವೆ, ಕೆಲವು ಹಳ್ಳದ ನೀರನ್ನೇ ತಿರುಗಿಸಿದ್ದು. ಓಮಾನಿನಲ್ಲಿ ಸುಮಾರು 3,000 ಫಲಜ್ ಈಗಲೂ ಬಳಕೆಯಲ್ಲಿವೆ. 2006ರಲ್ಲಿ ಯುನೆಸ್ಕೋ ಅವುಗಳಲ್ಲಿ ಐದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಕಾಲು ಇಳಿಬಿಟ್ಟು ಕೂತ ಫಲಜ್ ಅಲ್ ಖತ್ಮೀನ್ ಆ ಐದರಲ್ಲಿ ಒಂದು.

ನೀರು ಹೊರಗೆ ಬಂದ ಕೂಡಲೇ ಮೊದಲ ಜಾಗ ಕುಡಿಯಲಿಕ್ಕೆ. ಅಲ್ಲಿ ಕೈ ಕೂಡ ಅದ್ದಬಾರದು. ಅದರ ಕೆಳಗೆ ಮಸೀದಿಗೆ. ಅದರ ಕೆಳಗೆ ಮೀಯಲಿಕ್ಕೆ, ಬಟ್ಟೆ ಪಾತ್ರೆ ತೊಳೆಯಲಿಕ್ಕೆ. ಕೊನೆಗೆ ತೋಟಕ್ಕೆ. ತೋಟದಲ್ಲೂ ಮೊದಲು ಖರ್ಜೂರಕ್ಕೆ, ನೀರು ಉಳಿದರೆ ಉಳಿದ ಬೆಳೆಗೆ. ಮೇಲಿನವನಿಗೆ ಬಾಯಾರಿಕೆ ಜಾಸ್ತಿ, ಕೆಳಗಿನವನಿಗೆ ಕಡಿಮೆ ಅಂತ ಇಲ್ಲವಲ್ಲ. ಹಾಗಾಗಿ ತೋಟದ ನೀರಿಗೆ ಸರದಿ. ಸರದಿಯ ಲೆಕ್ಕ ಅಥರ್. ಒಂದು ಅಥರ್ ಅಂದರೆ ಅರ್ಧ ಗಂಟೆ. ನಮ್ಮಲ್ಲಿ ಜಾಗವನ್ನು ಸೆಂಟಿನಲ್ಲಿ ಹೇಳಿದ ಹಾಗೆ ಅವರು ಆಸ್ತಿಯನ್ನು ಅರ್ಧ ಗಂಟೆಯ ಲೆಕ್ಕದಲ್ಲೂ ಹೇಳುತ್ತಾರೆ. ಅಪ್ಪನಿಂದ ಮಗನಿಗೆ ಬರುತ್ತದೆ, ಮಗಳಿಗೂ ಬರುತ್ತದೆ. ಮಾರಬಹುದು, ಬಾಡಿಗೆಗೆ ಕೊಡಬಹುದು. ಗಡಿಯಾರ ಇಲ್ಲದ ಕಾಲದಲ್ಲಿ ಹಗಲು ನೆಲಕ್ಕೆ ನೆಟ್ಟ ಕೋಲಿನ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಹೊತ್ತು ಅಳೆಯುತ್ತಿದ್ದರು. ಕೆಲವು ಅಥರ್ ಯಾರದ್ದೂ ಅಲ್ಲ, ಫಲಜಿನದ್ದೇ. ಅದನ್ನು ಹರಾಜು ಹಾಕಿ, ಬಂದ ಹಣದಲ್ಲಿ ಹೂಳು ತೆಗೆಸುತ್ತಾರೆ, ಕುಸಿದಲ್ಲಿ ಕಟ್ಟಿಸುತ್ತಾರೆ.

ಮಾತಾಡುತ್ತಾ ಇದ್ದ ಹಾಗೆ ಅಜ್ಜ ಎದ್ದರು. ಅವರ ಸರದಿ ಬಂದಿತ್ತು. ಕಾಲುವೆಯ ಬದಿಯಲ್ಲಿ ಒಂದು ಚಪ್ಪಟೆ ಕಲ್ಲು, ಅದಕ್ಕೆ ಹಳೆ ಬಟ್ಟೆ ಸುತ್ತಿದೆ. ಒದ್ದೆಯಾಗಿ, ಪಾಚಿ ಹಿಡಿದು, ಬಟ್ಟೆ ಯಾವುದು ಕಲ್ಲು ಯಾವುದು ಗೊತ್ತಾಗದ ಹಾಗೆ ಆಗಿದೆ. ಬಗ್ಗಿ ಅದನ್ನು ಕಿತ್ತರು. ಮುಂದಿನ ದಾರಿಗೆ ಅಡ್ಡ ಇಟ್ಟು ಕಾಲಿನಿಂದ ಒತ್ತಿದರು. ನೀರು ಒಂದು ಗಳಿಗೆ ತಡೆದು ನಿಂತು, ಸುತ್ತು ಹಾಕಿ, ಅವರ ತೋಟದ ಕಡೆ ತಿರುಗಿತು.

ನನ್ನ ಅಜ್ಜ ನೆನಪಾದದ್ದು ಆಗ. ಅಜ್ಜ ಇಡುತ್ತಿದ್ದದ್ದು ಬಾಳೆದಿಂಡು. ಒಂದು ಮೊಳ ಉದ್ದದ ತುಂಡು, ಅದರ ಸುತ್ತ ಎರಡು ಗುದ್ದಲಿ ಕೆಸರು. ಅದೇ ಬಗ್ಗುವಿಕೆ, ಅದೇ ಕಾಲಿನ ಒತ್ತು. ಅದೇ ಹಾಗೆ ನೀರು ಒಂದು ಗಳಿಗೆ ಯೋಚನೆ ಮಾಡಿ ತಿರುಗುವುದು. ನಲವತ್ತು ವರ್ಷ ನಾನು ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದು ಅಂತಲೇ ಅನಿಸಿರಲಿಲ್ಲ.

ಉಪ್ಪಳದ ಹುಡುಗ ಕೇಳಿದ, "ಟೀಚರ್, ನಮ್ಮ ಊರಲ್ಲಿ ಇಂಥದ್ದು ಇದೆಯಾ?" ಇನ್ನೊಬ್ಬಳು ಹುಡುಗಿ, ಕುಂಬಳೆಯ ಕಡೆಯವಳು, ನಾನು ಬಾಯಿ ತೆರೆಯುವ ಮೊದಲೇ ಉತ್ತರ ಕೊಟ್ಟಳು. "ನಮ್ಮ ಊರಿಗೆ ಯಾಕೆ ಬೇಕು? ಅಲ್ಲಿ ಮಳೆ ನಿಲ್ಲುವುದೇ ಇಲ್ಲ."

ಅವಳದ್ದು ತಪ್ಪಲ್ಲ. ಅವಳು ಊರಿಗೆ ಬರುವುದು ಶಾಲೆಯ ದೊಡ್ಡ ರಜೆಯಲ್ಲಿ. ಆ ರಜೆ ಸಿಗುವುದು ಜೂನ್, ಜುಲೈಯಲ್ಲಿ. ಗಲ್ಫಿನ ನಮ್ಮ ಮಕ್ಕಳು ಕಂಡ ಕಾಸರಗೋಡು ಪೂರ್ತಿ ಮಳೆಯದ್ದು. ಅಂಗಳದಲ್ಲಿ ಪಾಚಿ, ಬಾವಿ ತುಂಬಿ ಕೈಗೆ ಎಟಕುವ ನೀರು, ಒಣಗದ ಬಟ್ಟೆ. ಏಪ್ರಿಲಿನ ಕಾಸರಗೋಡು ಅವರಿಗೆ ಗೊತ್ತೇ ಇಲ್ಲ. ಬಾವಿಯ ಹಗ್ಗಕ್ಕೆ ಇನ್ನೊಂದು ತುಂಡು ಹಗ್ಗ ಕಟ್ಟುವುದು, ಟ್ಯಾಂಕರ್ ಬರುವ ದಾರಿ ನೋಡುತ್ತಾ ಕೊಡಪಾನ ಸಾಲು ಇಡುವುದು, ಅಡಿಕೆಯ ಹಿಂಗಾರ ಒಣಗುವುದು, ಯಾವುದೂ. ಇಷ್ಟು ಮಳೆ ಬೀಳುವ ಊರಿನಲ್ಲಿ ನೀರಿಗೆ ತತ್ವಾರ ಯಾಕೆ ಎಂದು ಅವರು ಕೇಳುವುದು ಸಹಜ. ಮಳೆ ಹೆಚ್ಚು ಭಾಗ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುತ್ತದೆ, ಇಳಿಜಾರಿನ ನೆಲ, ಹೊಳೆಗಳು ಸಣ್ಣವು, ಸಮುದ್ರ ಹತ್ತಿರ. ಬಿದ್ದ ನೀರು ನಿಲ್ಲುವುದಿಲ್ಲ. ನಿಂತರೆ ಗುಡ್ಡದ ಹೊಟ್ಟೆಯಲ್ಲಿ, ಮುರಕಲ್ಲಿನ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಒಳಗೆ ನಿಲ್ಲಬೇಕು. ಅಲ್ಲಿಂದ ತರುವ ದಾರಿಯೇ ಸುರಂಗ.

ಅಲ್ಲೇ, ಖರ್ಜೂರದ ನೆರಳಲ್ಲಿ ಕೂತು ಮಕ್ಕಳಿಗೆ ಹೇಳಿದೆ. ಬಾಯಾರು, ಪಡ್ರೆ, ಎಣ್ಮಕಜೆ, ಗಡಿಯ ಆಚೆ ಮಾಣಿಲ, ಎಲ್ಲ ಸುರಂಗದ ಊರುಗಳು. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಓಣಿ, ಒಬ್ಬ ಮನುಷ್ಯ ಪಿಕ್ಕಾಸು ಬೀಸುವಷ್ಟು ಮಾತ್ರ ಅಗಲ. ಉದ್ದವನ್ನು ಕೋಲಿನಲ್ಲಿ ಹೇಳುತ್ತಾರೆ, ಒಂದು ಕೋಲು ಅಂದರೆ ಸುಮಾರು ಎರಡೂವರೆ ಅಡಿ. ಒಳಗೆ ಹೋಗುವವರು ಮೇಣದಬತ್ತಿ ಹಚ್ಚಿ ಇಟ್ಟುಕೊಳ್ಳುತ್ತಾರೆ. ಜ್ವಾಲೆ ಕುಗ್ಗಿದರೆ ಗಾಳಿ ಸಾಲದು ಎಂದು ಲೆಕ್ಕ, ಕೂಡಲೇ ಹೊರಗೆ ಬರಬೇಕು. ಕಲ್ಲು ಬೆವರಲಿಕ್ಕೆ ಶುರುವಾದರೆ ನೀರು ಹತ್ತಿರ. ಸಿಕ್ಕಿದ ನೀರು ನೂಲಿನ ಹಾಗೆ ಸಣ್ಣಗೆ ಹೊರಗೆ ಬರುತ್ತದೆ. ಅದನ್ನು ಅಡಿಕೆ ಮರ ಸೀಳಿ ಒಳಗೆ ತೋಡಿದ ದಂಬೆಯಲ್ಲಿ ಮಣ್ಣಿನ ಟ್ಯಾಂಕಿಗೆ ಬಿಟ್ಟು, ರಾತ್ರಿಯಿಡೀ ತುಂಬಿಸಿ, ಬೆಳಿಗ್ಗೆ ತೋಟಕ್ಕೆ. ಅಜ್ಜನ ಮನೆಯಲ್ಲಿ ಅಡುಗೆಮನೆಯ ಬಾಗಿಲ ತನಕ ದಂಬೆ ಬರುತ್ತಿತ್ತು. ಇಪ್ಪತ್ತನಾಲ್ಕು ಗಂಟೆಯೂ ಬೀಳುವ ನೀರು. ಅಜ್ಜಿ ನೀರು ಸೇದಿದ್ದನ್ನೇ ನಾನು ನೋಡಿಲ್ಲ.

ಅಜ್ಜ, ಅಂದರೆ ಅಲ್ಲಿನ ಚಾಚಾ, ಎಲ್ಲ ಕೇಳಿಸಿಕೊಂಡರು. ಹುಡುಗನೊಬ್ಬ ಅರಬ್ಬಿಗೆ ತಿರುಗಿಸಿ ಹೇಳುತ್ತಿದ್ದ. ಅವರು ಕೇಳಿದ್ದು ಒಂದೇ ಪ್ರಶ್ನೆ. "ಅದರ ಹೂಳು ಯಾರು ತೆಗೆಯುತ್ತಾರೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ಆಗ ಯಾರೂ ತೆಗೆಯುತ್ತಿರಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ಫಲಜ್ ಊರಿನದ್ದು, ಸುರಂಗ ಹೆಚ್ಚಾಗಿ ಮನೆಯದ್ದು. ಅಲ್ಲಿ ಇಡೀ ಊರು ಒಂದು ಕಾಲುವೆಗೆ ಕಾವಲು, ಇಲ್ಲಿ ಒಂದೊಂದು ಮನೆ ಒಂದೊಂದು ಗುಡ್ಡಕ್ಕೆ. ಆದರೆ ಪಾಲಾದ ಮೇಲೆ ನಮ್ಮಲ್ಲೂ ಸರದಿ ಬರುತ್ತದೆ. ಅಜ್ಜ ಆಸ್ತಿ ಪಾಲು ಮಾಡಿದಾಗ ಸುರಂಗದ ಬಾಯಿ ಅಪ್ಪನ ಜಾಗದಲ್ಲಿ ಬಂತು, ಒಳ್ಳೆಯ ತೋಟ ಚಿಕ್ಕಪ್ಪನ ಪಾಲಿಗೆ. ಅಜ್ಜ ಬಾಯಿಮಾತಿನಲ್ಲಿ ಒಂದು ಕಟ್ಟಳೆ ಮಾಡಿದರು. ಬೆಳಗಿನಿಂದ ಮಧ್ಯಾಹ್ನದವರೆಗೆ ನಮಗೆ, ಮಧ್ಯಾಹ್ನದ ಮೇಲೆ ಅವರಿಗೆ. ಕಾಗದ ಇಲ್ಲ, ರಿಜಿಸ್ಟ್ರಿ ಇಲ್ಲ. ಪ್ರತಿ ವರ್ಷ ತುಲಾ ಮಾಸ ಕಳೆದು ಮಳೆ ಬಿಟ್ಟ ಮೇಲೆ ಎರಡೂ ಮನೆಯ ಗಂಡಸರು ಸೇರಿ ಒಳಗೆ ಹೋಗಿ ಕೆಸರು ತೆಗೆಯುತ್ತಿದ್ದರು. ಆ ದಿನ ಊಟ ಒಂದೇ ಮನೆಯಲ್ಲಿ.

ಆಮೇಲೆ ಬೋರ್‌ವೆಲ್ ಬಂತು. ಮೊದಲು ಒಂದು ಮನೆಗೆ, ಎರಡು ವರ್ಷದಲ್ಲಿ ಇನ್ನೊಂದು ಮನೆಗೆ. ಸ್ವಿಚ್ಚು ಹಾಕಿದರೆ ನೀರು. ಸರದಿ ಯಾಕೆ? ಸರದಿ ನಿಂತಿತು. ಸರದಿ ನಿಂತ ವರ್ಷವೇ ಕೆಸರು ತೆಗೆಯುವುದೂ ನಿಂತಿತು. ಒಟ್ಟಿಗೆ ಊಟವೂ ನಿಂತಿತು. ನಾನು ಇದನ್ನು ಬಹಳ ಸಲ ಯೋಚನೆ ಮಾಡಿದ್ದೇನೆ. ಸುರಂಗವನ್ನು ಅಷ್ಟು ವರ್ಷ ಉಳಿಸಿದ್ದು ಪಿಕ್ಕಾಸು ಅಲ್ಲ. ಮಧ್ಯಾಹ್ನ ಆಯಿತಾ ಎಂದು ಕಾಯುತ್ತಿದ್ದ ಚಿಕ್ಕಪ್ಪ. ನೀರು ನಮಗೆ ಮಾತ್ರ ಸಾಕು ಅಂತಾದ ದಿನ ಅದನ್ನು ನೋಡುವವರು ಇಲ್ಲವಾದರು. ಮೊದಲು ಕೈ ಎತ್ತಿದ ಹದಿನೇಳರಲ್ಲಿ ಒಂಬತ್ತು ಮಾತ್ರ ಉಳಿದ ಕಥೆ ನಿಮ್ಮ ಮನೆಯಲ್ಲೂ ಸುಮಾರು ಹೀಗೇ ಇರಬೇಕು.

ಇಲ್ಲಿಂದ ಗಡಿ ದಾಟಿದರೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರಿದ್ದಾರೆ. ಕೂಲಿ ಕೆಲಸ ಮಾಡುತ್ತಿದ್ದವರು. ಹಗಲು ಇನ್ನೊಬ್ಬರ ತೋಟದಲ್ಲಿ ದುಡಿದು, ಬಂದು ತಮ್ಮ ಬೋಳು ಗುಡ್ಡದಲ್ಲಿ ಒಬ್ಬರೇ ಸುರಂಗ ಕೊರೆದರು. ಮೊದಲಿನ ಕೆಲವು ಸುರಂಗಗಳಲ್ಲಿ ನೀರು ಸಿಗಲಿಲ್ಲ. ಬಿಡಲಿಲ್ಲ. ಕೊನೆಗೆ ಸಿಕ್ಕಿತು, ಆ ನೀರಿನಲ್ಲಿ ಅಡಿಕೆ ತೋಟ ಎಬ್ಬಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಮಸ್ಕತ್ತಿನಲ್ಲಿ ಆ ಸುದ್ದಿ ಓದಿದ ದಿನ ಕ್ಲಾಸಿನಲ್ಲಿ ಪಾಠ ಬಿಟ್ಟು ಅದನ್ನೇ ಹೇಳಿದೆ.

ಊರಿಗೆ ವಾಪಸು ಬಂದು ಮೊದಲ ಕೆಲಸ, ಚಿಕ್ಕಪ್ಪನ ಮಗನ ಹತ್ತಿರ ಹೋಗಿ ಮಾತಾಡಿದೆ. ಅವನಿಗೂ ಮನಸ್ಸಿತ್ತು, ಯಾರಾದರೂ ಮೊದಲು ಬಾಯಿ ಬಿಡಬೇಕಿತ್ತು ಅಷ್ಟೆ. ಕೆಲಸ ಗೊತ್ತಿರುವ ಹಿರಿಯರೊಬ್ಬರನ್ನು ಕರೆಸಿದೆವು. ಬಾಯಿಯಲ್ಲಿ ಕುಸಿದ ಮಣ್ಣು, ಒಳಗೆ ಮುಳ್ಳುಹಂದಿಯ ಮುಳ್ಳು, ಬಾವಲಿ. ನಾಲ್ಕು ದಿನ ಹಿಡಿಯಿತು. ಮೊದಲಿನಷ್ಟು ನೀರಿಲ್ಲ. ಆದರೆ ಇದೆ.

ಶಿಕ್ಷಕರಲ್ಲಿ ಒಂದು ಕೇಳಿಕೊಳ್ಳುವುದುಂಟು. ಶನಿವಾರ ಮಕ್ಕಳನ್ನು ಮೈಸೂರಿಗೆ, ವಂಡರ್‌ಲಾಕ್ಕೆ ಕರೆದುಕೊಂಡು ಹೋಗುತ್ತೀರಿ, ಹೋಗಿ, ಒಳ್ಳೆಯದೇ. ಒಂದು ಶನಿವಾರ ಪಡ್ರೆಯ ಕಡೆ ನಡೆಸಿ. ಏಪ್ರಿಲ್ ಬರುವ ಮೊದಲು, ಮಾರ್ಚಿನಲ್ಲಿ. ಒಳಗೆ ಯಾರನ್ನೂ ಬಿಡಬೇಡಿ, ಬಾಯಿಯ ಹತ್ತಿರ ನಿಂತರೆ ಸಾಕು. ಒಳಗಿನ ತಂಪು ಗಾಳಿ ಮುಖಕ್ಕೆ ಬರುತ್ತದಲ್ಲ, ಅದನ್ನು ಪುಸ್ತಕದಲ್ಲಿ ಕೊಡಲಿಕ್ಕೆ ಆಗುವುದಿಲ್ಲ. ಒಂದು ಕೊಡಪಾನ ಕೊಂಡೊಯ್ಯಿರಿ. ತುಂಬಲಿಕ್ಕೆ ಎಷ್ಟು ಹೊತ್ತು ಬೇಕು ಎಂದು ಮಕ್ಕಳೇ ಅಳೆಯಲಿ. ಮುಂದಿನ ವರ್ಷ ಅದೇ ತಿಂಗಳು ಅದೇ ಕೊಡಪಾನದಲ್ಲಿ ಮತ್ತೆ ಅಳೆಯಲಿ.

ಕಳೆದ ಏಪ್ರಿಲಿನಲ್ಲಿ ಉಪ್ಪಳದ ಆ ಹುಡುಗ ನಮ್ಮ ಮನೆಗೆ ಬಂದ. ಈಗ ಮಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ಗಡ್ಡ ಬಂದಿದೆ. ಸುಡು ಬಿಸಿಲು. ಗುಡ್ಡ ಹತ್ತುವಾಗ ಇದು ಜೂನಿನ ಗುಡ್ಡವೇ ಅಲ್ಲ ಟೀಚರ್ ಎಂದ. ಸುರಂಗದ ಬಾಯಿಯಲ್ಲಿ ಫೋನ್ ತೆಗೆದು ಟೈಮ್ ಇಟ್ಟು ಕೂತ. ಒಂದು ಕೊಡಪಾನಕ್ಕೆ ಐವತ್ತೆರಡು ಸೆಕೆಂಡ್. ಒಂದು ಅಥರ್‌ಗೆ ಮೂವತ್ತನಾಲ್ಕು ಕೊಡ ಆಯಿತು ಟೀಚರ್ ಎಂದು ಲೆಕ್ಕ ಹೇಳಿದ. ಅಷ್ಟರಲ್ಲಿ ಕೆಳಗಿನ ತೋಟದಿಂದ ಚಿಕ್ಕಮ್ಮನ ಸ್ವರ ಕೇಳಿತು.

"ಗಂಟೆ ಹನ್ನೆರಡು ಆಯಿತು ಮಕ್ಕಳೇ, ನೀರು ಈಚೆ ಬಿಡಿ!"

ನಾನು ಏಳುವ ಮೊದಲೇ ಅವನು ಪ್ಯಾಂಟು ಮೇಲೆ ಮಡಚಿ ನೀರಿನ ಕಣಿಗೆ ಇಳಿದ. ಬಾಳೆದಿಂಡು ಕಿತ್ತು ಈ ಬದಿಗೆ ಇಟ್ಟು, ಕಾಲಿನಿಂದ ಒತ್ತಿದ.